ವಿಷಯ: ಚುನಾವಣೆ ‘ಪ್ರೆಡಿಕ್ಷನ್’ಗೆ ಕನ್ನಡದಲ್ಲಿ ಏನು? (ತುರ್ತು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಗೆ ಒಂದು ಚಟುವಟಿಕೆ ಇದೆ. ಮಕ್ಕಳಿಗೆ ಬೆಂಗಳೂರು ನಗರ ಜಿಲ್ಲೆಯ 28 ವಿಧಾನಸಭಾ ಕ್ಷೇತ್ರಗಳ ಖಾಲಿ ನಕ್ಷೆ ಕೊಡುತ್ತೇವೆ. ಜೊತೆಗೆ 2011ರ ಜನಗಣತಿಯ ಅಂಕಿಗಳು: ಸಾಕ್ಷರರು, ದುಡಿಯುವವರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು. 2018ರ ಫಲಿತಾಂಶ ಕಾಣುತ್ತದೆ, 2023ರದ್ದು ಮುಚ್ಚಿರುತ್ತದೆ. ಅಂಕಿಗೆ ತಕ್ಕಂತೆ ಬಣ್ಣ ತುಂಬಿ, ಎಲ್ಲಿ ಯಾವ ಪಕ್ಷ ಗೆದ್ದಿರಬಹುದು, ಯಾಕೆ ಎಂದು ಬರೆಯಬೇಕು. ಆಮೇಲೆ ಮುಚ್ಚಿದ್ದನ್ನು ತೆರೆದು ನೋಡುವುದು.

ಈ ಕೆಲಸಕ್ಕೆ ಹೆಸರೇನು? ‘ಭವಿಷ್ಯ’ ಎಂದರೆ ಗಿಳಿಶಾಸ್ತ್ರವಾಗುತ್ತದೆ. ‘ಸಮೀಕ್ಷೆ’ಯೂ ಅಲ್ಲ, ನಾವು ಯಾರ ಮನೆ ಬಾಗಿಲನ್ನೂ ತಟ್ಟುತ್ತಿಲ್ಲ. ‘ಮುನ್ಸೂಚನೆ’ ಆಗಬಹುದಾ? ಹಾಗೇ ‘ಡೆಮೊಗ್ರಾಫಿಕ್ಸ್’ಗೂ ಒಂದು ಪದ ಬೇಕು. ನಾಳೆ ಬೆಳಗ್ಗೆ ಹಾಳೆಗಳು ಪ್ರೆಸ್ಸಿಗೆ ಹೋಗಬೇಕು.

— ಮರು: ಮಲ್ಲೇಶ್ವರದಿಂದ

‘ಮುನ್ಸೂಚನೆ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿ ಕಟ್ಟಿದ ಪದ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಅಂಥದ್ದು ಬೇಡವೆಂದದ್ದು ಸುಮ್ನೆ ಅಲ್ಲ. ‘ಮುಂಗಾಣ್ಕೆ’ ಎಂದು ಬರೆಯಿರಿ. ಮುಗಿಯಿತು.

— ಮರು: ವಿಜಯನಗರದಿಂದ

ಮುಗಿಯಲಿಲ್ಲ ಸ್ವಾಮಿ. ಕೇಶಿರಾಜನೇ ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ನಿಮ್ಮ ‘ಮತಗಟ್ಟೆ’ ಏನು? ಮತ ಸಂಸ್ಕೃತ, ಕಟ್ಟೆ ಕನ್ನಡ. ಪ್ರತಿ ಸಲ ಓಟು ಹಾಕಲು ಅರಿಸಮಾಸದೊಳಗೇ ಹೋಗಿ ಬರುತ್ತೀರಿ, ಅಲ್ವಾ? ‘ಚುನಾವಣೆ’ಯೂ ಹಿಂದಿಯ ‘ಚುನಾವ್’ಗೆ ನಮ್ಮ ‘ಅಣೆ’ ಅಂಟಿಸಿ ಆದದ್ದು.

ಮೇಡಂ, ‘ಮುನ್ಸೂಚನೆ’ ವ್ಯಾಕರಣಕ್ಕಲ್ಲ, ಬಳಕೆಗೆ ಒಗ್ಗುವುದಿಲ್ಲ. ಕೇಳಿದವರಿಗೆ ಮಳೆ ನೆನಪಾಗುತ್ತದೆ. ನಿಮ್ಮ ಮಕ್ಕಳು ಮಾಡುವುದು ಅಂದಾಜು. ಕಾರಣ ಕೊಟ್ಟು ಹೇಳುವುದು, ತಪ್ಪಿದರೆ ಯಾಕೆ ತಪ್ಪಿತೆಂದು ಹುಡುಕುವುದು. ಮೈಲಾರದ ಕಾರ್ಣಿಕ ಹಾಗಲ್ಲ. ಅದು ಯಾವತ್ತೂ ತಪ್ಪುವುದಿಲ್ಲ, ಅರ್ಥ ಹೇಳಿದವರು ತಪ್ಪುತ್ತಾರೆ! 2023ರಲ್ಲಿ ಜಯನಗರ ಕ್ಷೇತ್ರದ ಗೆಲುವಿನ ಅಂತರ ಬರೀ 16 ಓಟು. ಯಾವ ಜನಗಣತಿ ಅದನ್ನು ಹೇಳೀತು? ಆ ಕ್ಷೇತ್ರವನ್ನು ಖಂಡಿತ ಇಡಿ.

— ಮರು: ಮಲ್ಲೇಶ್ವರದಿಂದ

‘ಅಂದಾಜು’ ಪಾರಸಿ. ಸಂಸ್ಕೃತದ ಸೂಚನೆ ಬಿಟ್ಟು ಪಾರಸಿಯ ಕಾಲಿಗೆ ಬೀಳುವುದು ಯಾವ ಕನ್ನಡತನ?

— ಮರು: ಬಸವನಗುಡಿಯಿಂದ

ಪಾರಸಿ ಎಂದಿರಿ, ಸಂತೋಷ. ‘ಜನಗಣತಿ’ಗಿಂತ ಹಿಂದೆ ನಮ್ಮಲ್ಲಿ ‘ಖಾನೇಷುಮಾರಿ’ ಇತ್ತು. ಖಾನೆ ಎಂದರೆ ಮನೆ, ಷುಮಾರ್ ಎಂದರೆ ಎಣಿಕೆ. ನಾವು ದಿನವೂ ಹೇಳುವ ‘ಸುಮಾರು’ ಕೂಡ ಅದೇ ಷುಮಾರ್‌ನಿಂದ ಬಂದದ್ದು. ಎಣಿಸುವುದಕ್ಕೂ ಅಂದಾಜು ಮಾಡುವುದಕ್ಕೂ ಒಂದೇ ಬೇರು! ಮೇಡಂ ಪಾಠವೇ ಅದರಲ್ಲಿದೆ. ‘ನಕ್ಷೆ’, ‘ಜಿಲ್ಲೆ’, ‘ತಾಲ್ಲೂಕು’ ಅರಬ್ಬಿಯಿಂದ ಬಂದವು. ಅವನ್ನೆಲ್ಲ ಹೊರಗೆ ಹಾಕಿದರೆ ಕಂದಾಯ ಕಚೇರಿಯಲ್ಲಿ ಹೋಬಳಿ ಒಂದೇ ಉಳಿದೀತು.

— ಮರು: ಕೇಳಿದವರಿಂದ

ಸರ್, ಬೇರಿನ ಮಾತು ಆಮೇಲೆ ಆಡೋಣ. ‘ಡೆಮೊಗ್ರಾಫಿಕ್ಸ್’?

— ಮರು: ವಿಜಯನಗರದಿಂದ

‘ಜನಸಂಖ್ಯಾ ವಿವರ’ ಸಾಕು. ‘ಜನಲಕ್ಷಣ’ ಎಂದು ಹೊಸದಾಗಿ ಕಟ್ಟಬೇಡಿ. ಲಕ್ಷಣ ಎಂದ ಕೂಡಲೇ ಇಂಥ ಜನ ಇಂಥವರಿಗೇ ಓಟು ಹಾಕುತ್ತಾರೆ ಎಂದು ಮಕ್ಕಳ ತಲೆಯಲ್ಲಿ ಕೂರುತ್ತದೆ. ಒಂದು ವಾರ್ಡಿನಲ್ಲಿ ಓದಿದವರು ಜಾಸ್ತಿ, ಅಲ್ಲಿ ಒಂದು ಪಕ್ಷ ಗೆದ್ದಿದೆ ಎಂದುಕೊಳ್ಳಿ. ಓದಿದವರೇ ಗೆಲ್ಲಿಸಿದರು ಎನ್ನಲಾಗದು. ಅದೇ ವಾರ್ಡಿನ ಓದದವರೆಲ್ಲ ಒಟ್ಟಾಗಿ ಹಾಕಿರಬಹುದು. ಅಂಕಿ ವಾರ್ಡಿನದು, ಓಟು ಒಬ್ಬೊಬ್ಬರದು.

ಹಾಳೆಯ ಕೆಳಗೆ ವರ್ಷಗಳನ್ನೂ ಬರೆಯಿರಿ. ಕ್ಷೇತ್ರಗಳ ಗೆರೆ 2008ರದ್ದು, ಅದನ್ನು ಎಳೆದದ್ದು 2001ರ ಗಣತಿ ಇಟ್ಟುಕೊಂಡು. ನಿಮ್ಮ ಅಂಕಿ 2011ರದ್ದು. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ಆಗಲಿಲ್ಲ. ಅಷ್ಟರಲ್ಲಿ ಮಹದೇವಪುರದ ಕಡೆ ಎಷ್ಟು ಅಪಾರ್ಟ್‌ಮೆಂಟ್ ಎದ್ದಿಲ್ಲ? ಇನ್ನು ಟೀವಿಯವರು ದಿನವಿಡೀ ಮಾತಾಡುವ ಲಿಂಗಾಯತ, ಒಕ್ಕಲಿಗ ಲೆಕ್ಕ 2011ರ ಗಣತಿಯಲ್ಲಿ ಇಲ್ಲವೇ ಇಲ್ಲ. ಪರಿಶಿಷ್ಟರನ್ನು ಬಿಟ್ಟು ಬೇರೆ ಜಾತಿಯನ್ನು ಎಣಿಸಿಲ್ಲ.

— ಮರು: ಕೇಳಿದವರಿಂದ

ತಲೆಬರಹ ಹೀಗೆ ಹಾಕುತ್ತಿದ್ದೇನೆ: ‘ಜನಗಣತಿ ನೋಡಿ ಫಲಿತಾಂಶ ಅಂದಾಜು ಮಾಡಿ’. ವರ್ಷಗಳನ್ನೂ ಸೇರಿಸಿದೆ. ಎಲ್ಲರಿಗೂ ಥ್ಯಾಂಕ್ಸ್.

— ಮರು: ಮಲ್ಲೇಶ್ವರದಿಂದ

‘ಮುಂಗಾಣ್ಕೆ’ಯನ್ನು ಕಂಸದಲ್ಲಾದರೂ ಹಾಕಬಹುದಿತ್ತು.

— ಮರು: ಕೇಳಿದವರಿಂದ

ಜಾಗ ಇಲ್ಲ ಸರ್, ನಕ್ಷೆ ದೊಡ್ಡದು.