ಪದಚರ್ಚೆ: ಪ್ರೊಸೆಸರ್ ‘ಅನ್‌ಲಾಕ್’ ಮಾಡುವುದಕ್ಕೆ ‘ಬಿಡಿಸು’ ಸರಿಯಾಗುತ್ತದೆಯೇ?

ಗೆಳೆಯರೇ, ನಮಸ್ಕಾರ.

ಹಳೇ ಕಂಪ್ಯೂಟರ್‌ಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಅದರಲ್ಲಿ ‘ಅನ್‌ಲಾಕ್’ಗೆ ಹೊಂದುವ ಕ್ರಿಯಾಪದ ಕೈಗೆ ಸಿಗದೆ ಆಟ ಆಡಿಸುತ್ತಿದೆ.

ಸಂದರ್ಭ ಹೀಗಿದೆ. 2000ದಲ್ಲಿ ಎಎಂಡಿ ಕಂಪನಿಯ ಡ್ಯೂರಾನ್ ಮತ್ತು ಥಂಡರ್‌ಬರ್ಡ್ ಅಥ್ಲಾನ್ ಪ್ರೊಸೆಸರ್‌ಗಳು, ಅಂದರೆ ಕಂಪ್ಯೂಟರ್‌ನ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್‌ಗಳು, ಬಂದವು. ಚಿಪ್ ಕೂರುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡ್, ಕೊಡುವ ಮಿಡಿತವನ್ನು ‘ಗುಣಕ’ ಅನ್ನುವ ಒಂದು ಸಂಖ್ಯೆಯಿಂದ ಗುಣಿಸಿದರೆ ಚಿಪ್‌ನ ವೇಗ ಸಿಗುತ್ತದೆ. 100 ಮೆಗಾಹರ್ಟ್ಸ್, ಗುಣಕ 6, ಅಂದರೆ 600 ಮೆಗಾಹರ್ಟ್ಸ್‌ನ ಡ್ಯೂರಾನ್. ಆ 6ನ್ನು ನಾವು ಮುಟ್ಟದ ಹಾಗೆ ಕಟ್ಟಿಹಾಕಿರುತ್ತಿದ್ದರು. ಕಡಿಮೆ ವೇಗದ ಚಿಪ್ ಮೇಲೆ ಜಾಸ್ತಿ ವೇಗದ ನಂಬರ್ ಅಚ್ಚುಹಾಕಿ ಮಾರುವ ಮೋಸಗಾರರೂ ಆಗ ಇದ್ದರು. ಹಾಗಾಗಿ ಕಟ್ಟಿಹಾಕಿದ್ದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ.

ಚಿಪ್‌ನ ಮೇಲ್ಭಾಗದಲ್ಲೇ ‘ಎಲ್1’ ಅಂತ ಗುರುತು ಹಾಕಿದ ಕಡೆ ಪುಟ್ಟ ಲೋಹದ ಚುಕ್ಕೆಗಳು ಜೋಡಿ ಜೋಡಿಯಾಗಿ ನಿಂತಿರುತ್ತವೆ. ಕಟ್ಟಿಹಾಕಿದ ಚಿಪ್‌ನಲ್ಲಿ ಜೋಡಿಗಳ ನಡುವಿನ ಕೊಂಡಿಯನ್ನು ಲೇಸರ್‌ನಿಂದ ಕತ್ತರಿಸಿರುತ್ತಾರೆ. ಅನ್‌ಲಾಕ್ ಮಾಡಲು ಸಾದಾ ಪೆನ್ಸಿಲ್ಲನ್ನು ಚೂಪು ಮಾಡಿಕೊಂಡು, ಒಂದು ಚುಕ್ಕೆಯಿಂದ ಎದುರಿನ ಚುಕ್ಕೆಗೆ ಒತ್ತಿ ಒತ್ತಿ ಗೆರೆ ಎಳೆಯಬೇಕು. ಪೆನ್ಸಿಲ್ ಕಡ್ಡಿಯ ಗ್ರಾಫೈಟ್‌ನಲ್ಲಿ ಕರೆಂಟ್ ಹರಿಯುವುದರಿಂದ ಕೊಂಡಿ ಮತ್ತೆ ಕೂಡಿಕೊಳ್ಳುತ್ತದೆ. ಪಕ್ಕದ ಜೋಡಿಗೆ ಮಾತ್ರ ಗೆರೆ ತಾಗಬಾರದು. ಗುಣಕ ಬದಲಿಸಲು ಬಿಡುವ ಮದರ್‌ಬೋರ್ಡ್ ಇದ್ದರೆ ಮುಂದೆ ಗುಣಕ ಏರಿಸಿ ವೇಗ ಹೆಚ್ಚಿಸುವುದು ಸುಲಭ. 2001ರಲ್ಲಿ ಬಂದ ಅಥ್ಲಾನ್ ಎಕ್ಸ್‌ಪಿಗೆ ಪೆನ್ಸಿಲ್ ಸಾಲದಾಯಿತು. ಕತ್ತರಿಸಿದ ಕಡೆ ಗುಂಡಿ ಇರುತ್ತಿತ್ತು. ಅದಕ್ಕೆ ಸೂಪರ್ ಗ್ಲೂ ತುಂಬಿ, ಒಣಗಿದ ಮೇಲೆ ಕರೆಂಟ್ ಹರಿಯುವ ಬೆಳ್ಳಿ ಪೇಂಟ್‌ನಲ್ಲಿ ಗೆರೆ ಎಳೆಯುತ್ತಿದ್ದರು.

ಈಗ ಪದದ ವಿಷಯ. ‘ಬೀಗ ತೆಗೆ’ ನನಗೆ ಒಗ್ಗುತ್ತಿಲ್ಲ. ಇಲ್ಲಿ ಏನನ್ನೂ ತೆಗೆಯುವುದಿಲ್ಲ, ಕಡಿದದ್ದನ್ನು ಕೂಡಿಸುತ್ತೇವೆ, ಅಲ್ವಾ? ಜೊತೆಗೆ ಇಂದಿನ ಮಕ್ಕಳಿಗೆ ಬೀಗ ಅಂದ ಕೂಡಲೇ ಮೊಬೈಲ್‌ನ ಪಾಸ್‌ವರ್ಡ್ ನೆನಪಾಗುತ್ತದೆ. ‘ಬಿಡಿಸು’ ನನಗೆ ಬಹಳ ಹಿಡಿಸಿದೆ. ಚಿತ್ರ ಬಿಡಿಸುತ್ತೇವೆ, ಕಟ್ಟಿಹಾಕಿದ ಕರುವನ್ನೂ ಬಿಡಿಸುತ್ತೇವೆ. ಪೆನ್ಸಿಲ್ ಹಿಡಿದು ಮಾಡುವ ಈ ಕೆಲಸಕ್ಕೆ ಎರಡು ಅರ್ಥವೂ ಹೊಂದುತ್ತವೆ.

ಆದರೆ ‘ಪ್ರೊಸೆಸರ್ ಬಿಡಿಸಿದ’ ಅಂದರೆ ಅವರೆಕಾಯಿ ಬಿಡಿಸಿದ ಹಾಗೆ ಬಿಚ್ಚಿ ಹರವಿದ ಅನ್ನಿಸಬಹುದು. ‘ಗುಣಕ ಬಿಡಿಸಿದ’ ಅಂದರೆ ಲೆಕ್ಕ ಬಿಡಿಸಿದ ಅನ್ನಿಸುತ್ತದೆ. ಅದಕ್ಕೇ ‘ಗುಣಕದ ಕಟ್ಟು ಬಿಡಿಸು’ ಅಂತ ಬರೆದುಕೊಂಡಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೂ ಗೊಂದಲವಿಲ್ಲ. ನಿಮಗೆ ಹೇಗನ್ನಿಸುತ್ತದೆ?

‘ಕೊಂಡಿ’ ಬಗ್ಗೆಯೂ ಕೇಳಬೇಕು. ವೆಬ್‌ಪುಟದ ಲಿಂಕ್‌ಗೆ ಈಗ ಅದೇ ಪದ ನಿಂತುಬಿಟ್ಟಿದೆ. ‘ಸೇತುವೆ’ ಇಷ್ಟು ಸಣ್ಣ ವಸ್ತುವಿಗೆ ಭಾರ ಅನ್ನಿಸುತ್ತದೆ. ‘ಬೆಸುಗೆ’ ಅನ್ನೋಣ ಅಂದರೆ ಇಲ್ಲಿ ಏನನ್ನೂ ಕಾಯಿಸಿ ಅಂಟಿಸುವುದಿಲ್ಲ.

ಆ ವರ್ಷಗಳಲ್ಲಿ ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲೋ ನಿಮ್ಮೂರಿನ ರಿಪೇರಿ ಅಂಗಡಿಯಲ್ಲೋ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಕೈಯಲ್ಲಿ ಚಿಪ್ ಹಿಡಿದು ನೀವು ಒಬ್ಬರಿಗೊಬ್ಬರು ಏನನ್ನುತ್ತಿದ್ದಿರಿ ಅಂತ ದಯವಿಟ್ಟು ಬರೆಯಿರಿ.