ಮನೆಯಲ್ಲಿ ಆಕ್ಸಿಜನ್: ಮೂಗಿನ ಪೈಪು ಸಾಕಾ, ಮಾಸ್ಕ್ ಬೇಕಾ?

ಕಲಬುರಗಿಯಿಂದ ಪ್ರಶ್ನೆ: ನಮ್ಮ ಅಪ್ಪಾಜಿಗೆ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ಹೋದ ವಾರ ಆಸ್ಪತ್ರೆಯಿಂದ ಮನೆಗೆ ಬಂದರು. 5 ಲೀಟರಿನ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಮಷೀನ್, ತಂದಿದ್ದೇವೆ. ಮೂಗಿನ ಪೈಪಿನಲ್ಲಿ ನಿಮಿಷಕ್ಕೆ 2 ಲೀಟರ್ ಇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ನೋಡಲು ಬಂದವರೆಲ್ಲ ಚೀಲ ಇರುವ ಮಾಸ್ಕ್ ಹಾಕಿ, ಅದರಲ್ಲಿ ಜಾಸ್ತಿ ಬರುತ್ತೆ ಅಂತಾರೆ. ಮಾವ ಒಂದು ತಂದೇಬಿಟ್ಟಿದ್ದಾರೆ. ಬಳಸಿದವರು ದಯವಿಟ್ಟು ಹೇಳಿ.

ಶಹಾಬಾದಿನಿಂದ: ಅಕ್ಕಾ, ಆ ಮಾಸ್ಕ್ ಹಾಕಬೇಡಿ. ನಾನು ಹಾಕಿ ಅನುಭವಿಸಿದ್ದೇನೆ. 2021ರಲ್ಲಿ ಅವ್ವನಿಗೆ ಕೋವಿಡ್ ಆಗಿತ್ತು. ಆಸ್ಪತ್ರೆಯಲ್ಲಿ ಗೋಡೆಯ ಪೈಪಿನಿಂದ 15 ಲೀಟರ್ ಬಿಟ್ಟು ಚೀಲದ ಮಾಸ್ಕ್ ಹಾಕಿದ್ದರು. ಚೀಲ ಯಾವಾಗಲೂ ಉಬ್ಬಿಕೊಂಡೇ ಇರುತ್ತಿತ್ತು. ಅವ್ವ ಹುಷಾರಾಗಿ ಬರುವಾಗ ಅದೇ ಮಾಸ್ಕ್ ಮನೆಗೆ ತಂದೆ. ಒಂದು ರಾತ್ರಿ ಉಸಿರು ಕಟ್ಟಿದ ಹಾಗಾಯಿತು ಅಂದಳು. ಮೂಗಿನ ಪೈಪು ತೆಗೆದು ಮಾಸ್ಕನ್ನು ಮನೆಯಲ್ಲಿದ್ದ 5 ಲೀಟರಿನ ಮಷೀನಿಗೇ ಸಿಕ್ಕಿಸಿದೆ. ಅವಳು ಉಸಿರು ಎಳೆದಾಗಲೆಲ್ಲ ಚೀಲದ ಎರಡೂ ಬದಿ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು, ಮತ್ತೆ ಉಬ್ಬುತ್ತಲೇ ಇರಲಿಲ್ಲ. ಐದು ನಿಮಿಷದಲ್ಲಿ ಅವಳೇ ಕಿತ್ತು ಹಾಕಿದಳು. ಪೈಪು ಹಾಕಿದ ಮೇಲೆ ಸಮಾಧಾನವಾಯಿತು. ಆ ಮಾಸ್ಕಿಗೆ 10ರಿಂದ 15 ಲೀಟರ್ ಬೇಕು, ನಮ್ಮ ಮಷೀನಿಗೆ ಅಷ್ಟು ಕೊಡುವ ತಾಕತ್ತೇ ಇಲ್ಲ. ಅದು ನನಗೆ ಗೊತ್ತಾಗಿದ್ದು ಮಾರನೇ ದಿನ.

ಯಾದಗಿರಿಯಿಂದ: ನಾನು ಸ್ಟಾಫ್ ನರ್ಸ್. ಮೇಲಿನ ಅಣ್ಣ ಹೇಳಿದ್ದು ಸರಿ. ಚೀಲ ಇಲ್ಲದ ಸಾದಾ ಮಾಸ್ಕ್ ಆದರೆ ನಡೆಯುತ್ತೆ ಅಂತಲೂ ಅಂದುಕೊಳ್ಳಬೇಡಿ. ಅದಕ್ಕೆ ಕನಿಷ್ಠ 5 ಲೀಟರ್ ಹರಿಯಬೇಕು. 2 ಲೀಟರ್ ಇಟ್ಟರೆ ಬಿಟ್ಟ ಉಸಿರು ಮಾಸ್ಕಿನೊಳಗೇ ಉಳಿದು, ಅದನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಹಾಗಂತ 5ಕ್ಕೆ ಏರಿಸಿದರೆ ಸಿಒಪಿಡಿ ಇರುವವರಿಗೆ ಅದು ಜಾಸ್ತಿ ಆಗಬಹುದು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ತಲೆನೋವು, ಮಂಪರು ಬರುತ್ತೆ. ಅಪ್ಪಾಜಿ ಆರಾಮಾಗಿ ಮಲಗಿದ್ದಾರೆ ಅಂತ ಮನೆಯವರು ಅಂದುಕೊಂಡಿರುತ್ತಾರೆ, ನನಗೆ ಭಯ ಅದೇ. ಇಂಥವರಿಗೆ ಸಾಮಾನ್ಯವಾಗಿ ಆಕ್ಸಿಮೀಟರಿನಲ್ಲಿ 88ರಿಂದ 92 ಇದ್ದರೆ ಸಾಕು ಅಂತಾರೆ, 98 ಕಾಣಬೇಕು ಅಂತ ಹಟ ಬೇಡ. ನಿಮ್ಮ ಡಾಕ್ಟರ್ ಹೇಳಿದ ಅಂಕಿ ಬರೆದು ಗೋಡೆಗೆ ಅಂಟಿಸಿ.

ಪೈಪಿನಲ್ಲಿ 2 ಲೀಟರ್ ಅಂದರೆ ಸುಮಾರು 28% ಆಕ್ಸಿಜನ್. ಸುಮ್ನೆ ಗಾಳಿಯಲ್ಲಿ ಇರುವುದು 21%. ಉಸಿರಾಟದ ವೇಗ ಬದಲಾದರೆ ಇದೂ ಏರಿಳಿಯುತ್ತೆ. ಅದಕ್ಕೇ ವಾರ್ಡಿನಲ್ಲಿ ಸಿಒಪಿಡಿಯವರಿಗೆ, ಆಕ್ಸಿಜನ್ ಪ್ರಮಾಣ ಏರಿಳಿಯದಂತೆ ಕೊಡುವ ವೆಂಚುರಿ ಮಾಸ್ಕ್ ಹಾಕುತ್ತೇವೆ. ಅದರ ಬುಡದಲ್ಲಿ ಬಣ್ಣದ ತುಂಡು ಇರುತ್ತೆ, ನೀಲಿಗೆ 24%, ಬಿಳಿಗೆ 28% ಹೀಗೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು, ಮೇಲೆ ಬರೆದಿದ್ದನ್ನೇ ಓದಬೇಕು. ಮನೆಗೆ ಅದು ಬೇಕಾಗುವುದು ಕಡಿಮೆ. ಆಕ್ಸಿಮೀಟರಿನ ಅಂಕಿ ಇಳಿದರೆ, ತುಟಿ ನೀಲಿಯಾದರೆ, ಮಾತು ತೊದಲಿದರೆ ಮಾಸ್ಕ್ ಬದಲಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಬೀದರ್‌ನಿಂದ: ನಮ್ಮ ಮಾವನವರು ಎರಡು ವರ್ಷ ಮೂಗಿನ ಪೈಪಿನಲ್ಲೇ ಇದ್ದರು. ಪೈಪು ಹಾಕಿಕೊಂಡೇ ರೊಟ್ಟಿ ಪಲ್ಯ ಊಟ ಮಾಡುತ್ತಿದ್ದರು, ಮೊಮ್ಮಕ್ಕಳ ಜೊತೆ ಮಾತಾಡುತ್ತಿದ್ದರು. ಮಾಸ್ಕ್ ಆಗಿದ್ದರೆ ಪ್ರತಿ ತುತ್ತಿಗೂ ತೆಗೆಯಬೇಕು, ಅಲ್ವಾ? ತೊಂದರೆ ಅಂದರೆ ಕಿವಿಯ ಹಿಂದೆ ಹುಣ್ಣು. ಮೆತ್ತನೆ ಬಟ್ಟೆ ಸುತ್ತಿ. ಮೂಗು ಒಣಗಿದರೆ ವ್ಯಾಸಲಿನ್ ಹಚ್ಚಬೇಡಿ, ಆಕ್ಸಿಜನ್ ಹತ್ತಿರ ಎಣ್ಣೆ ಜಿಡ್ಡು ಬೆಂಕಿಗೆ ದಾರಿ. ರೊಟ್ಟಿ ಬಡಿಯುವ ಒಲೆಯ ಹತ್ತಿರವೂ ಕೂರಿಸಬೇಡಿ. ನಮ್ಮ ಕಡೆ ಕರೆಂಟ್ ಹೋಗುವುದು ಗೊತ್ತೇ ಇದೆ, ಒಂದು ಬಿ ಟೈಪ್ ಸಿಲಿಂಡರ್ ತುಂಬಿಸಿ ಇಟ್ಟುಕೊಳ್ಳಿ. ಸುಮಾರು 1500 ಲೀಟರ್ ಇರುತ್ತೆ, 2 ಲೀಟರ್ ಲೆಕ್ಕದಲ್ಲಿ 12 ತಾಸು ಬರುತ್ತೆ.

ಕಲಬುರಗಿಯಿಂದ ಮತ್ತೆ: ಎಲ್ಲರಿಗೂ ಕೈ ಮುಗಿದೆ. ಮಾಸ್ಕ್ ಬೀರುವಿನಲ್ಲಿ ಇಟ್ಟೆ, ಮಾವನಿಗೂ ಹೇಳಿದೆ. ಈಗ ನೋಡಿದೆ, ಅಪ್ಪಾಜಿಯ ಎಡಗಿವಿಯ ಹಿಂದೆ ಆಗಲೇ ಕೆಂಪಾಗಿದೆ. ಹಳೇ ಮೆತ್ತನೆ ಪಂಚೆ ಹರಿದು ಸುತ್ತುತ್ತಿದ್ದೇನೆ. ಸಿಲಿಂಡರಿಗೆ ನಾಳೆ ಬೆಳಿಗ್ಗೆ ಹೋಗುತ್ತೇನೆ.