ಕೆಲಸ ಬಿಟ್ಟು ನೀನಾಸಂಗೆ ಹೋಗಬೇಕು ಅಂತಿದ್ದೇನೆ, ಧೈರ್ಯ ಸಾಲುತ್ತಿಲ್ಲ

ಬೀಜದೂರಿನವಳು:
ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೈಗೆ 19 ಸಾವಿರ ಬರುತ್ತದೆ. ಕಾಲೇಜಿನಲ್ಲಿ ನಾಟಕ ಮಾಡುತ್ತಿದ್ದೆ, ಆಮೇಲೆ ಬಿಟ್ಟೇ ಹೋಯಿತು. ಹೋದ ಸಲ ನೀನಾಸಂನವರ ಊರೂರು ಸುತ್ತುವ ತಂಡವಾದ ತಿರುಗಾಟದ ನಾಟಕ ನೋಡಿದಾಗಿನಿಂದ ಬೇರೆ ಯಾವುದರಲ್ಲೂ ಮನಸ್ಸಿಲ್ಲ. ನೀನಾಸಂ ಅಂದರೆ ಸಾಗರದ ಹತ್ತಿರ ಹೆಗ್ಗೋಡಿನಲ್ಲಿರುವ ನಾಟಕ ಸಂಸ್ಥೆ; ಅದರ ರಂಗಶಿಕ್ಷಣ ಕೇಂದ್ರದ ಡಿಪ್ಲೊಮಾಕ್ಕೆ ಅರ್ಜಿ ತುಂಬಿ ಇಟ್ಟಿದ್ದೇನೆ. ಕಳಿಸಿಲ್ಲ.

ಅಪ್ಪ ಎಪಿಎಂಸಿಯಲ್ಲಿ ಹಮಾಲಿ ಮಾಡಿ ನಮ್ಮನ್ನು ಓದಿಸಿದವರು. ಈಗ ಸೊಂಟನೋವು, ಮೊದಲಿನಷ್ಟು ಆಗುವುದಿಲ್ಲ. ತಮ್ಮನದು ಐಟಿಐ ಕೊನೇ ವರ್ಷ. ನಾಟಕದವಳು ಅಂದರೆ ಯಾವ ಗಂಡಿನ ಕಡೆಯವರು ಬರ್ತಾರೆ ಅಂತ ಅಮ್ಮನ ಚಿಂತೆ. ನನ್ನ ಚಿಂತೆ ಬೇರೆ. ಇಷ್ಟೆಲ್ಲ ಬಿಟ್ಟು ಹೋಗಿ, ನಾನು ಸಾಧಾರಣ ನಟಿ ಅಂತ ಗೊತ್ತಾದರೆ? ಈಗಲಾದರೆ, ಅವಕಾಶ ಸಿಕ್ಕಿದ್ದರೆ ನಾನೂ ಏನೋ ಆಗ್ತಿದ್ದೆ ಅಂದುಕೊಂಡು ಇದ್ದುಬಿಡಬಹುದು.

ಹೋಗಿ ಬಂದವರು ಇದ್ದರೆ ನಿಜ ಹೇಳಿ. ಕನಸಿನ ಬೆನ್ನು ಹತ್ತಿ ಅಂತ ಮಾತ್ರ ಹೇಳಬೇಡಿ, ಅದು ವಾಟ್ಸಾಪ್‌ನಲ್ಲಿ ದಿನಾ ಬರುತ್ತದೆ.

ರಂಗಪ್ರಿಯ:
ನಾಟಕ ನಿರ್ದೇಶಕ ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. ಅವರೂ ಹೀಗೇ ಯೋಚಿಸುತ್ತಾ ಕೂತಿದ್ದರೆ 1989ರಲ್ಲಿ ಮೈಸೂರಿನ ರಂಗಾಯಣ ನಾಟಕ ಸಂಸ್ಥೆ ಕಟ್ಟೋರು ಯಾರು? ಅರ್ಜಿ ಕಳಿಸಿ, ಅಷ್ಟೇ.

ಲೈಟಿನ ಅಣ್ಣ:
ಕಾರಂತರ ಕಥೆ ಎಲ್ಲರೂ ಹೇಳುತ್ತಾರೆ. ಕಂಪನಿ ಸೇರಿ, ಏನೂ ಆಗದೆ ವಾಪಸ್ ಊರಿಗೆ ಬಂದವರ ಕಥೆ ಯಾರೂ ಹೇಳುವುದಿಲ್ಲ. ಕಾರಂತರನ್ನು ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರೇ ಕಾಶಿಗೆ ಓದಲು ಕಳಿಸಿದರು, ಅದನ್ನೂ ಸೇರಿಸಿ ಹೇಳಿ. ಬೆನ್ನಿಗೆ ಒಬ್ಬರು ನಿಂತಿದ್ದರು.

ತಂಗೀ, ನಾನು ಅಲ್ಲಿ ಕಲಿತವನು. ಬೆಳಿಗ್ಗೆ ಮೈ ಮುರಿಯುವ ವ್ಯಾಯಾಮ, ಆಮೇಲೆ ಪಾಠ, ಸಂಜೆ ತಾಲೀಮು. ಪಾತ್ರ ಸಿಗಲಿ ಬಿಡಲಿ, ಸೆಟ್ಟಿಗೆ ಮೊಳೆ ಹೊಡೆಯಬೇಕು, ಬಟ್ಟೆಗೆ ಇಸ್ತ್ರಿ ಹಾಕಬೇಕು, ಲೈಟು ಕಟ್ಟಲು ಏಣಿ ಹತ್ತಬೇಕು. ನೀವು ಹೆದರುವ ಆ ಸಂಗತಿ ನನಗೆ ಅಲ್ಲೇ ಗೊತ್ತಾಯಿತು. ನಾನು ಸಾಧಾರಣ ನಟ. ಒಂದಿಷ್ಟು ದಿನ ಊಟ ಸೇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಏಣಿ ಮೇಲೆ ಕೂತಾಗ ಕೆಳಗಿನ ದೃಶ್ಯ ನನಗೆ ಬೇರೆಯವರಿಗಿಂತ ಚೆನ್ನಾಗಿ ಕಾಣುತ್ತಿತ್ತು. ಇವತ್ತು ಬೆಳಕಿನ ಕೆಲಸವೇ ನನ್ನ ಅನ್ನ. ಊರಲ್ಲೇ ಇದ್ದಿದ್ದರೆ 'ಅವಕಾಶ ಸಿಗದ ದೊಡ್ಡ ನಟ' ಆಗಿ ಇರ್ತಿದ್ದೆ.

ಈಗ ದುಡ್ಡಿನ ಮಾತು. ಕೋರ್ಸ್ ಮುಗಿದ ತಕ್ಷಣ ಕೆಲಸ ಕಾಯುತ್ತಿರುತ್ತದೆ ಅಂತ ನಂಬಬೇಡಿ. ಕೆಲವರು ತಿರುಗಾಟಕ್ಕೆ ಆಯ್ಕೆ ಆಗುತ್ತಾರೆ. 1985ರಿಂದ ನಡೆಯುತ್ತಿರುವ ತಂಡ ಅದು. ಊರು ಮುಟ್ಟಿದ ಮೇಲೆ ಸೆಟ್ ಇಳಿಸು, ನಾಟಕ ಆಡು, ರಾತ್ರಿ ಬಿಚ್ಚಿ ಮತ್ತೆ ಗಾಡಿಗೆ ಹೇರು. ನಿಮ್ಮಪ್ಪನ ಕೆಲಸಕ್ಕೂ ಇದಕ್ಕೂ ಬಹಳ ದೂರ ಇಲ್ಲ! ಉಳಿದವರು ಶಾಲೆಯಲ್ಲಿ ನಾಟಕ ಕಲಿಸುತ್ತಾರೆ, ಸೀರಿಯಲ್‌ಗೆ ಹೋಗುತ್ತಾರೆ, ಕಾಲೇಜುಗಳಿಗೆ ನಾಟಕ ಮಾಡಿಸುತ್ತಾರೆ. ಕಾಲೇಜಿನವರು ಶಾಲು ಹೊದಿಸುತ್ತಾರೆ, ದುಡ್ಡಿಗೆ ಮಾತ್ರ ಸತಾಯಿಸುತ್ತಾರೆ. ವರ್ಷದಲ್ಲಿ ಕೆಲವು ತಿಂಗಳು ಕೈ ಖಾಲಿ ಇದ್ದೇ ಇರುತ್ತದೆ. ಅದಕ್ಕೆ ಮನೆಯವರು ತಯಾರಿದ್ದಾರಾ? ಮೊದಲು ಅದನ್ನು ಕೇಳಿ.

ಸಂಜೆ ತಾಲೀಮು:
ನಾನು ಬ್ಯಾಂಕಿನವನು, ಶಿವಮೊಗ್ಗದಲ್ಲಿ ಹವ್ಯಾಸಿ ತಂಡದಲ್ಲಿದ್ದೇನೆ. ಕೆಲಸ ಬಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹೆಗ್ಗೋಡಿನಲ್ಲಿ ಅಕ್ಟೋಬರ್ ಹೊತ್ತಿಗೆ ಸಂಸ್ಕೃತಿ ಶಿಬಿರ ಇರುತ್ತದೆ, ಕೆಲವೇ ದಿನ. ಮೊದಲು ಅಲ್ಲಿಗೆ ಹೋಗಿ ನಾಟಕ ನೋಡಿ, ಜನರ ಜೊತೆ ಮಾತಾಡಿ. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರೂ ಅಡಿಕೆ ತೋಟ ಇಟ್ಟುಕೊಂಡೇ ನಾಟಕ ಮಾಡಿಸಿದವರು, ಅಲ್ವಾ?

ಲೈಟಿನ ಅಣ್ಣ:
ಸರ್, ತೋಟ ಇದ್ದವರ ಮಾತು ಬೇರೆ. ಹಮಾಲರ ಮಗಳಿಗೆ ಇರುವುದು ಆ 19 ಸಾವಿರ ಮಾತ್ರ. ಆದರೆ ಅರ್ಜಿ ಕಳಿಸುವುದಕ್ಕೆ ಕೆಲಸ ಬಿಡಬೇಕಾಗಿಲ್ಲ. ಸಂದರ್ಶನ ಇರುತ್ತದೆ, ಅವರು ಬೇಡ ಅನ್ನಲೂಬಹುದು. ಅವರು ಹೇಳುವುದಕ್ಕೆ ಮೊದಲೇ ಈ ತಂಗಿ ತಾನೇ ಬೇಡ ಅಂದುಕೊಳ್ಳುವುದು ಯಾಕೆ?

ಬೀಜದೂರಿನವಳು:
ಏಣಿ ಮೇಲಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಮನೆಯಲ್ಲಿ ತಮ್ಮನಿಗೆ ಮಾತ್ರ ಹೇಳಿದ್ದೇನೆ. ಹೋಗಕ್ಕ, ನಾನು ವರ್ಕ್‌ಶಾಪ್ ಸೇರ್ತೀನಿ ಅಂದ. ಅಪ್ಪನಿಗೆ ಹೇಳುವುದು ಬಾಕಿ ಇದೆ. ಅರ್ಜಿ ನಾಳೆ ಕಳಿಸುತ್ತೇನೆ. ಕಂಪನಿಯಲ್ಲಿ ಒಂದು ವರ್ಷ ಸಂಬಳವಿಲ್ಲದ ರಜೆ ಕೇಳಬಹುದಾ?

ಸಂಜೆ ತಾಲೀಮು:
ಸೀಟು ಸಿಕ್ಕ ಮೇಲೆ ಕೇಳಿ, ಅಲ್ಲಿಯವರೆಗೆ ಬಾಯಿ ಬಿಡಬೇಡಿ. ಬರವಣಿಗೆಯಲ್ಲೇ ಕೊಡಿ. ಪಿಎಫ್ ದುಡ್ಡು ಮುಟ್ಟಬೇಡಿ.

ಲೈಟಿನ ಅಣ್ಣ:
ರಜೆ ಕೊಡದಿದ್ದರೂ ಲೆಕ್ಕ ಬಲ್ಲವರಿಗೆ ನಾಟಕದವರಲ್ಲಿ ಬೇಡಿಕೆ ಜಾಸ್ತಿ. ನಮ್ಮ ತಂಡದ ಬಿಲ್ಲುಗಳೆಲ್ಲ ಇನ್ನೂ ಒಂದು ಅಕ್ಕಿ ಚೀಲದಲ್ಲೇ ಇವೆ.